ಶಸ್ತ್ರಚಿಕಿತ್ಸೆಯ ಅನಂತರದ ಮಲಬದ್ಧತೆ

ಉದರದ ಶಸ್ತ್ರಚಿಕಿತ್ಸೆಯಾದ ಮರುದಿನ ವೈದ್ಯರು ರೋಗಿಯ ಮಂಚದ ಬಳಿ ನಿಂತು ‘ಗಾಳಿ ಹೋಯಿತೆ?’ ಎಂದು ಕೇಳುವುದು ಕೇವಲ ಔಪಚಾರಿಕವಾದ ಮಾತಲ್ಲ. ಅರಿವಳಿಕೆಯಿಂದಲೂ ಶಸ್ತ್ರಸ್ಪರ್ಶದಿಂದಲೂ ಸ್ತಬ್ಧವಾದ ಕರುಳು ಮತ್ತೆ ಚಲಿಸತೊಡಗಿದುದಕ್ಕೆ ಅದೊಂದು ಶುಭಲಕ್ಷಣ. ಸಣ್ಣ ಕರುಳು ಸಾಮಾನ್ಯವಾಗಿ ಒಂದು ದಿನದೊಳಗೆ ಚೇತರಿಸಿಕೊಂಡರೂ, ದೊಡ್ಡ ಕರುಳಿಗೆ 2ರಿಂದ 3 ದಿನಗಳು ಬೇಕಾಗುವುವು. ಸಾಲದುದಕ್ಕೆ, ವೇದನೆಯ ಶಮನಕ್ಕಾಗಿ ಕೊಡುವ ಮಾರ್ಫಿನ್, ಟ್ರಮಡಾಲ್ ಮೊದಲಾದ ಔಷಧಗಳು ಕರುಳಿನ ನರಜಾಲದ ಮೇಲೂ ವರ್ತಿಸಿ ಅದರ ಚಲನೆಯನ್ನು ಮಂದಗೊಳಿಸುವುದರಿಂದ, ಮಲವು ಒಳಗೇ ತಂಗಿ, ನೀರನ್ನು ಕಳೆದುಕೊಂಡು, ಗಟ್ಟಿಯಾಗುವುದು.

ಹಾಗೆಂದು ನೋವಿನ ಔಷಧವನ್ನೇ ತ್ಯಜಿಸುವುದು ಸಲ್ಲದು. ನೋವಿಗಂಜಿ ಮಲಗಿದಲ್ಲಿಯೇ ಇರುವವರ ಚೇತರಿಕೆಯೇ ಕುಂಠಿತವಾದೀತು. ಲ್ಯಾಕ್ಟುಲೋಸ್ ಅಥವಾ ಸೋನಾಮುಖಿಯಂತಹ ವಿರೇಚಕವು ತಮಗೆ ಯುಕ್ತವೇ ಎಂದು ವೈದ್ಯರನ್ನು ಕೇಳುವುದು, ಅವರ ಅನುಮತಿಯಂತೆ ನೀರು ಕುಡಿದು ವಾರ್ಡಿನಲ್ಲಿ ನಾಲ್ಕು ಹೆಜ್ಜೆ ನಡೆಯುವುದು, ಶೌಚಕ್ಕೆ ಕುಳಿತಾಗ ಹೊಲಿಗೆಗೆ ಸೆಳೆತವಾಗುವಂತೆ ತಿಣುಕದಿರುವುದು – ಇವೇ ಸನ್ಮಾರ್ಗ. ಬಂಧುಗಳು ಪ್ರೀತಿಯಿಂದ ತರುವ ಇಸಬ್‌ಗೋಲು ಸಹ, ಸಾಕಷ್ಟು ನೀರಿಲ್ಲದಿದ್ದರೆ, ಒಳಗೇ ಗಟ್ಟಿಯಾಗಿ ಬಾಧೆಯನ್ನು ಹೆಚ್ಚಿಸಬಲ್ಲುದು.

ಇದನ್ನೆಲ್ಲ ದಾದಿಯರ ಮುಂದೆ ಹೇಳಲು, ಅದರಲ್ಲಿಯೂ ನಮ್ಮ ಹಿರಿಯರು, ನಾಚುವರು. ಆ ಸಂಕೋಚವನ್ನು ಮೃದುವಾಗಿ ನಿವಾರಿಸುವುದು ಜೊತೆಗಿರುವವರ ಕರ್ತವ್ಯ. ಹೊಟ್ಟೆ ಉಬ್ಬಿ, ವಾಂತಿಯಾಗಿ, ಗಾಳಿಯೂ ಹೋಗದಿದ್ದರೆ, ಸ್ವಂತವಾಗಿ ಯಾವ ವಿರೇಚಕವನ್ನೂ ಕೊಡದೆ ಕೂಡಲೇ ವೈದ್ಯರಿಗೆ ತಿಳಿಸತಕ್ಕದ್ದು.