ಅಟ್ಲಾಸಿನ ಹುಲ್ಲುಗಾವಲು

ಮೊರಾಕೊ ದೇಶದ ಅಲ್ ಹೌಝ್ ಪ್ರಾಂತ್ಯವು ಅಟ್ಲಾಸ್ ಪರ್ವತಗಳ ನಾಡು. 4,167 ಮೀಟರ್ ಎತ್ತರದ ತೂಬ್ಕಾಲ್ ಶಿಖರವಿರುವುದು ಇಲ್ಲಿಯೇ. ಚಳಿಗಾಲದ ಹಿಮವು ಕರಗಿ ತೊರೆಗಳಾಗಿ ಇಳಿಯುತ್ತದೆ. ಆ ನೀರನ್ನು ಬರ್ಬರ್ ರೈತರು ಕಾಲುವೆಗಳ ಮೂಲಕ ಮೆಟ್ಟಿಲು ಹೊಲಗಳಿಗೆ ಹಾಯಿಸಿ ಬಾರ್ಲಿಯನ್ನೂ ಅಕ್ರೋಟನ್ನೂ ಬೆಳೆಯುತ್ತಾರೆ. ಕುರಿ ಮೇಕೆಗಳೂ ಅವರ ಜೀವನಾಧಾರ.

ಎತ್ತರದಲ್ಲಿರುವ ಉಕೈಮೆಡೆನ್ ಹುಲ್ಲುಗಾವಲು ಹಲವು ಊರುಗಳಿಗೆ ಸೇರಿದ್ದು. ಬೇಕೆಂದಾಗ ಬೇಕಾದವರು ಮಂದೆಗಳನ್ನು ಬಿಟ್ಟರೆ ಎಳೆಯ ಹುಲ್ಲು ಉಳಿದೀತೆ? ಅದಕ್ಕಾಗಿಯೇ ‘ಅಗ್ದಾಲ್’ ಎಂಬ ಕಟ್ಟಳೆಯುಂಟು. ವಾಡಿಕೆಯಂತೆ ಮಾರ್ಚ್ 15ರಿಂದ ಆಗಸ್ಟ್ 10ರವರೆಗೆ ಅಲ್ಲಿ ಮೇಯಿಸುವಂತಿಲ್ಲ. ಅಷ್ಟರಲ್ಲಿ ಹುಲ್ಲು ಹೂಬಿಟ್ಟು ಬೀಜ ಉದುರಿಸುತ್ತದೆ; ಬೇರುಗಳು ಬಲಿಯುತ್ತವೆ. ಬೇಸಗೆಯಲ್ಲಿ ತಗ್ಗಿನ ಮೇವು ಒಣಗಿದಾಗ ಮೇಲೆ ಹಸುರು ಸಿದ್ಧವಾಗಿರುತ್ತದೆ. ಆದುದರಿಂದ ಆ ದಿನಕ್ಕೆ ಮೊದಲೇ ಕೆಲವರು ಅವಸರಪಟ್ಟರೆ ಎಲ್ಲರ ಮಂದೆಗಳೂ ಹಸಿಯಬೇಕಾದೀತು.