ದಿಕ್ಕು ಬಲ್ಲ ಕಲ್ಲು

— ಅಂತಿಮ ಬಿ. ಎ., ಭೂಗೋಳ ವಿಭಾಗ

ಕಲ್ಲೆಂದರೆ ಜಡವಸ್ತು ಎಂಬುದು ನಮ್ಮೆಲ್ಲರ ಎಣಿಕೆ. ಕರುಣೆಯಿಲ್ಲದವನ ಎದೆಯನ್ನು ನಾವು ಕಲ್ಲಿಗೆ ಹೋಲಿಸುತ್ತೇವೆ. ಕರೆದರೂ ಏಳದವನನ್ನು ಕಲ್ಲುಗುಂಡಿನಂತೆ ಕುಳಿತಿದ್ದಾನೆಂದು ಬಯ್ಯುತ್ತೇವೆ. ಹೀಗೆ ನಮ್ಮ ಮಾತಿನಲ್ಲಿ ಕಲ್ಲಿಗೆ ಸಲ್ಲುವ ಮರ್ಯಾದೆ ಅಷ್ಟಕ್ಕಷ್ಟೆ. ಇಂಥ ಕಲ್ಲಿಗೆ ಮೂಗನ್ನೂ ಕೈಕಾಲುಗಳನ್ನೂ ಕೊಟ್ಟು, ದಿಕ್ಕನ್ನರಿಯುವ ಶಕ್ತಿಯನ್ನೂ ಕೊಟ್ಟು, ಮಕ್ಕಳ ಒಡನಾಡಿಯನ್ನಾಗಿ ಮಾಡಿದವರು ಜಪಾನಿನ ವಿಡಿಯೋ ಆಟಗಳ ರಚನೆಕಾರರು. ಆ ಪ್ರಾಣಿಯ ಹೆಸರು ನೋಸ್‌ಪಾಸ್. ಅದರ ಪರಿಚಯ ಮಾಡಿಕೊಟ್ಟು, ಆ ಕಲ್ಪನೆಯ ಕಲ್ಲಿನಿಂದ ನಮ್ಮ ಕಾಲಡಿಯ ನಿಜವಾದ ಕಲ್ಲಿನವರೆಗೆ ವಾಚಕರನ್ನು ಕರೆದೊಯ್ಯುವುದೇ ಈ ಲೇಖನದ ಉದ್ದೇಶ.

ಪೋಕೆಮಾನ್ ಎಂಬ ಆಟದ ಹೆಸರನ್ನು ಕೇಳದ ತರುಣರು ಇಂದು ವಿರಳ. 'ಪಾಕೆಟ್ ಮಾನ್‌ಸ್ಟರ್ಸ್', ಎಂದರೆ ಜೇಬಿನಲ್ಲಿಟ್ಟುಕೊಳ್ಳಬಹುದಾದ ವಿಚಿತ್ರ ಪ್ರಾಣಿಗಳು, ಎಂಬುದರ ಹ್ರಸ್ವರೂಪವಿದು. ೧೯೯೬ರ ಫೆಬ್ರವರಿ ೨೭ರಂದು ಜಪಾನಿನಲ್ಲಿ ಈ ಮಾಲಿಕೆಯ ಮೊದಲ ಆಟಗಳು ಹೊರಬಿದ್ದವು. ಇವುಗಳ ಮೂಲಪುರುಷ ಸತೋಶಿ ತಾಜಿರಿ ಎಂಬುವರು ಬಾಲ್ಯದಲ್ಲಿ ಟೋಕಿಯೋ ಬಳಿಯ ಹೊಲಗದ್ದೆಗಳಲ್ಲಿ ಹುಳುಹುಪ್ಪಟೆಗಳನ್ನು ಹಿಡಿದು ಕೂಡಿಹಾಕುತ್ತಿದ್ದರಂತೆ. ಊರು ಬೆಳೆದು ಹೊಲಗದ್ದೆಗಳು ಮಾಯವಾದ ಮೇಲೆ, ಆ ಹುಡುಕಾಟದ ಸಂತೋಷವನ್ನು ಮುಂದಿನ ಮಕ್ಕಳಿಗೆ ಆಟದ ಮೂಲಕವಾದರೂ ಉಳಿಸಿಕೊಡಬೇಕೆಂಬ ಹಂಬಲದಿಂದ ಹುಟ್ಟಿದ್ದು ಈ ಕಲ್ಪನೆ. ಆಡುವವನು ಊರೂರು ಅಲೆದು ಪ್ರಾಣಿಗಳನ್ನು ಹಿಡಿಯಬೇಕು, ಸಾಕಬೇಕು, ಇತರರ ಪ್ರಾಣಿಗಳೊಡನೆ ಪಂದ್ಯ ಹೂಡಬೇಕು. ಮೊದಲು ೧೫೧ ಇದ್ದ ಈ ಪ್ರಾಣಿಗಳ ಸಂಖ್ಯೆ ಈಗ ಒಂದು ಸಾವಿರವನ್ನು ದಾಟಿದೆ. ಬೆಂಕಿ, ನೀರು, ಹುಲ್ಲು, ಮಿಂಚು ಮೊದಲಾಗಿ ಅವುಗಳಲ್ಲಿ ೧೮ ವರ್ಗಗಳುಂಟು. ಆ ೧೮ರಲ್ಲಿ ಒಂದು ಶಿಲಾವರ್ಗ.

ನಮ್ಮ ನೋಸ್‌ಪಾಸ್ ಈ ಶಿಲಾವರ್ಗಕ್ಕೆ ಸೇರಿದ್ದು. ೨೦೦೨ರಲ್ಲಿ ಬಂದ 'ರೂಬಿ' ಮತ್ತು 'ಸಫಾಯರ್' ಎಂಬ ಜೋಡಿ ಆಟಗಳಲ್ಲಿ ಇದು ಮೊದಲು ಕಾಣಿಸಿಕೊಂಡಿತು. ಪಟ್ಟಿಯಲ್ಲಿ ಇದರ ಕ್ರಮಸಂಖ್ಯೆ ೨೯೯; ಎತ್ತರ ೧ ಮೀಟರ್; ತೂಕ ೯೭ ಕಿಲೋಗ್ರಾಂ. ನೀಲಿ ಛಾಯೆಯ ಬೂದುಗಲ್ಲಿನ ಮೈ, ಗುಳಿಬಿದ್ದ ಕಪ್ಪು ಕಣ್ಣುಗಳು, ಮೋಟು ಕೈಕಾಲುಗಳು, ಮುಖದ ನಡುವೆ ಇಡೀ ಮೈಗೇ ಮುಂದಾಳಿನಂತೆ ಚಾಚಿರುವ ದೊಡ್ಡ ಕೆಂಪು ಮೂಗು. ಈ ಮೂಗೇ ಅಯಸ್ಕಾಂತ. ನಿಂತಲ್ಲಿ ನಿಂತು ಸದಾ ಉತ್ತರದಿಕ್ಕನ್ನೇ ನೋಡುವುದು ಇದರ ಸ್ವಭಾವ. ದಾರಿ ತಪ್ಪಿದ ಪಯಣಿಗರು ಇದರ ಮೂಗನ್ನು ನೋಡಿ ದಿಕ್ಕು ತಿಳಿಯುತ್ತಾರೆಂದು ಆಟದ ವಿವರಣೆ ಹೇಳುತ್ತದೆ. ಇಂಗ್ಲಿಷಿನಲ್ಲಿ ಮೂಗಿಗೆ 'ನೋಸ್', ದಿಕ್ಸೂಚಿಗೆ 'ಕಂಪಾಸ್'. ಎರಡನ್ನೂ ಬೆಸೆದು ಮಾಡಿದ ಹೆಸರಿದು.

ಇದು ಚಲಿಸುವುದೇ ಇಲ್ಲವೆಂದು ಬಹುಕಾಲ ನಂಬಲಾಗಿತ್ತಂತೆ. ಆಮೇಲೆ ಸೂಕ್ಷ್ಮವಾಗಿ ಅಳೆದು ನೋಡಿದಾಗ ವರ್ಷಕ್ಕೆ ಸುಮಾರು ೧ ಸೆಂಟಿಮೀಟರ್‌ನಷ್ಟು ಸರಿಯುವುದು ತಿಳಿದುಬಂದಿತಂತೆ! ಎರಡು ನೋಸ್‌ಪಾಸ್‌ಗಳು ಎದುರುಬದುರಾದರೆ ಒಂದರ ಮುಖವನ್ನೊಂದು ನೋಡಲಾರವು. ಮೂಗು ಮೂಗನ್ನು ತಳ್ಳುತ್ತದೆ. ಚಳಿಗಾಲದಲ್ಲಿ ಇದರ ಆಕರ್ಷಣಶಕ್ತಿ ಹೆಚ್ಚುತ್ತದೆ. ಇವೆಲ್ಲವೂ ಆಟದೊಳಗಿನ ಕೈಪಿಡಿಯ ಮಾತುಗಳು.

ಆಟದಲ್ಲಿ ಇದರ ಪಾತ್ರವೇನೂ ಸಣ್ಣದಲ್ಲ. ಜಪಾನಿನ ಕ್ಯೂಶೂ ದ್ವೀಪವನ್ನು ಮಾದರಿಯಾಗಿಟ್ಟುಕೊಂಡು ರಚಿಸಿದ ಹೋಯೆನ್ ಎಂಬ ನಾಡಿನಲ್ಲಿ, ಆಟಗಾರನನ್ನು ಎದುರಿಸುವ ಮೊದಲ ಪರೀಕ್ಷಕಿ ರಾಕ್ಸಾನ್ ಎಂಬ ತರುಣಿ. ಶಾಲೆಯಲ್ಲಿ ಕಲಿತ ವಿದ್ಯೆಯನ್ನು ಕಣದಲ್ಲಿ ಪ್ರಯೋಗಿಸಿ ನೋಡಬಯಸುವ ವಿದ್ಯಾವಂತೆ ಈಕೆ. ಈಕೆಯ ಕೊನೆಯ ಅಸ್ತ್ರವೇ ನೋಸ್‌ಪಾಸ್. ಬೆಂಕಿಯ ಕೋಳಿಮರಿಯನ್ನು ಆರಿಸಿಕೊಂಡ ಮಕ್ಕಳು ಈ ಕಲ್ಲಿನ ಮುಂದೆ ಸೋತು ಸುಣ್ಣವಾಗುವುದುಂಟು. ನೀರಿನ ಅಥವಾ ಹುಲ್ಲಿನ ಪ್ರಾಣಿಯನ್ನು ಆರಿಸಿಕೊಂಡವರಿಗೆ ಗೆಲುವು ಸುಲಭ. ನೀರು ಕಲ್ಲನ್ನು ಸವೆಸುತ್ತದೆ, ಬೇರು ಬಂಡೆಯನ್ನು ಸೀಳುತ್ತದೆ ಎಂಬ ನಿಸರ್ಗದ ನಿಯಮಕ್ಕೆ ಇದು ಹೊಂದುತ್ತದೆಂಬುದನ್ನು ಭೂಗೋಳದ ವಿದ್ಯಾರ್ಥಿಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇದರ ಮುಖವನ್ನು ಕಂಡವರಿಗೆ ಪೆಸಿಫಿಕ್ ಸಾಗರದ ರಾಪಾನೂಯಿ ದ್ವೀಪದ ಮೋವಾಯ್ ಪ್ರತಿಮೆಗಳು ನೆನಪಾಗದಿರವು. ೧೭೨೨ರ ಈಸ್ಟರ್ ಹಬ್ಬದಂದು ಡಚ್ಚರ ನಾವಿಕ ರೋಗ್ಗೆವೀನ್ ಅಲ್ಲಿಗೆ ಹೋದುದರಿಂದ ಅದಕ್ಕೆ ಈಸ್ಟರ್ ದ್ವೀಪವೆಂದೂ ಹೆಸರಾಯಿತು. ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಮೆದುಗಲ್ಲಿನಲ್ಲಿ ಕಡೆದ, ನೀಳ ಮೂಗಿನ ಸುಮಾರು ೯೦೦ ಪ್ರತಿಮೆಗಳು ಅಲ್ಲಿವೆ. ಅವು ಅಲ್ಲಿನ ಜನರ ಪೂರ್ವಿಕರು. ಬಹುಪಾಲು ಪ್ರತಿಮೆಗಳು ಕಡಲಿಗೆ ಬೆನ್ನುಮಾಡಿ, ತಮ್ಮ ವಂಶದವರು ಬಾಳಿದ ನೆಲದತ್ತ ಮುಖಮಾಡಿ ನಿಂತವು. ಕಲ್ಲಿಗೂ ನೋಡಬೇಕಾದ ದಿಕ್ಕೊಂದು ಇದೆಯೆಂಬ ಭಾವನೆ ಮನುಷ್ಯನಿಗೆ ಹೊಸದಲ್ಲ.

ನನ್ನ ತಮ್ಮ ಈ ಆಟದ ದೊಡ್ಡ ಭಕ್ತ. ಅವನ ಕೈಯಲ್ಲಿ ಅದನ್ನು ಕಂಡಾಗಲೆಲ್ಲ ನಮ್ಮ ಕಾಕಾ, "ಇಲ್ಲದ ಪ್ರಾಣಿ ಬೆನ್ನು ಹತ್ತಿ ಇರೋ ವಿದ್ಯಾ ಕಳಕೋಬ್ಯಾಡೋ" ಎಂದು ಗದರಿಸುತ್ತಾರೆ. ಆದರೆ ಅದೇ ತಮ್ಮ ಒಮ್ಮೆ ನನ್ನನ್ನು ಕೇಳಿದ ಪ್ರಶ್ನೆ ಇದು: "ಅಣ್ಣಾ, ಖರೇ ಕಲ್ಲಿಗೆ ದಿಕ್ಕು ಗೊತ್ತಿರ್ತದೇನು?" ಇಲ್ಲದ ಪ್ರಾಣಿ ಇರುವ ವಿದ್ಯೆಯ ಬಾಗಿಲನ್ನು ತಟ್ಟಿತ್ತು. 'ಅದೆಲ್ಲ ಕಟ್ಟುಕಥೆ, ಓದಿಕೋ ಹೋಗು' ಎಂದುಬಿಟ್ಟರೆ ಆ ಬಾಗಿಲು ಮುಚ್ಚಿದಂತೆ. ಅವನಿಗೆ ನಾನು ಕೊಟ್ಟ ಉತ್ತರವನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ದಿಕ್ಕು ಬಲ್ಲ ಕಲ್ಲು ನಿಜವಾಗಿಯೂ ಉಂಟು. ಅಯಸ್ಕಾಂತಕ್ಕೆ ಕನ್ನಡದಲ್ಲಿ 'ಸೂಜಿಗಲ್ಲು' ಎಂಬ ಸೊಗಸಾದ ಹೆಸರಿದೆಯಷ್ಟೆ. ಮ್ಯಾಗ್ನಟೈಟ್ ಎಂಬ ಕಬ್ಬಿಣದ ಅದಿರಿನ ಕೆಲವು ತುಂಡುಗಳು ತಾವಾಗಿಯೇ ಅಯಸ್ಕಾಂತಗಳಾಗಿರುತ್ತವೆ. ಇಂಥ ಕಲ್ಲಿಗೆ ಉಜ್ಜಿದ ಸೂಜಿಯನ್ನು ತೂಗಬಿಟ್ಟರೆ ಅದು ಉತ್ತರ ದಕ್ಷಿಣವಾಗಿ ನಿಲ್ಲುವುದನ್ನು ಚೀನದ ವಿದ್ವಾಂಸ ಷೆನ್ ಕ್ವೋ ೧೦೮೮ರ ಸುಮಾರಿಗೇ ಬರೆದಿಟ್ಟಿದ್ದಾನೆ. ಸೂಜಿ ಹಾಗೇಕೆ ನಿಲ್ಲುತ್ತದೆ? ಭೂಮಿಯೇ ಒಂದು ಮಹಾ ಅಯಸ್ಕಾಂತವಾಗಿರುವುದರಿಂದ ಎಂದು ೧೬೦೦ರಲ್ಲಿ ಇಂಗ್ಲೆಂಡಿನ ವಿಲಿಯಂ ಗಿಲ್ಬರ್ಟ್ ಸಾರಿದನು. ಆದರೆ ಭೂಮಿಯ ಕಾಂತಕ್ಷೇತ್ರ ಬಹಳ ದುರ್ಬಲ; ಅದಿರಿನ ತುಂಡನ್ನು ಸೂಜಿಗಲ್ಲನ್ನಾಗಿ ಮಾಡಲು ಅದು ಸಾಲದು. ಸಿಡಿಲು ಬಡಿದಾಗ ಹರಿಯುವ ಪ್ರಬಲ ವಿದ್ಯುತ್ತೇ ಇದಕ್ಕೆ ಕಾರಣವೆಂದು ವಿಜ್ಞಾನಿಗಳು ಹೇಳುತ್ತಾರೆ. ಸ್ವಾರಸ್ಯವೇನೆಂದರೆ, ಆಟದಲ್ಲಿ ನೋಸ್‌ಪಾಸ್ ಬೆಳೆದು ಪ್ರೋಬೋಪಾಸ್ ಎಂಬ ದೊಡ್ಡ ಪ್ರಾಣಿಯಾಗುತ್ತದೆ. ೨೦೦೬ರ ಆಟಗಳಲ್ಲಿ ಈ ಮಾರ್ಪಾಟು ನಡೆಯುತ್ತಿದ್ದುದು ಕಾಂತಶಕ್ತಿ ತುಂಬಿದ ಪರ್ವತವೊಂದರಲ್ಲಿ. ಈಚಿನ ಆಟಗಳಲ್ಲಿಯಾದರೋ ಸಿಡಿಲಿನ ಶಕ್ತಿಯಿರುವ ಒಂದು ಕಲ್ಲನ್ನು ಸೋಕಿಸಿದರೆ ಸಾಕು. ಹಾಗೆ ಬೆಳೆದ ಪ್ರೋಬೋಪಾಸಿಗೆ ೩೪೦ ಕಿಲೋಗ್ರಾಂ ತೂಕ ಮತ್ತು ಕಬ್ಬಿಣದ ಪುಡಿ ಮೆತ್ತಿದಂತಹ ಭರ್ಜರಿ ಮೀಸೆ!

ಸಜಾತಿ ಧ್ರುವಗಳು ಒಂದನ್ನೊಂದು ತಳ್ಳುವುದನ್ನು ನಾವು ಪ್ರೌಢಶಾಲೆಯಲ್ಲಿಯೇ ಓದಿದ್ದೇವೆ. ಕಾದರೆ ಅಯಸ್ಕಾಂತದ ಶಕ್ತಿ ಕುಂದುತ್ತದೆ, ತಣಿದರೆ ಹೆಚ್ಚುತ್ತದೆ ಎಂಬುದೂ ಸಾಮಾನ್ಯವಾಗಿ ಸತ್ಯವೇ. ಆದುದರಿಂದ ಚಳಿಗಾಲದ ಮಾತೂ ಹಗುರವಾದುದಲ್ಲ.

ಎರಡನೆಯದು ಇದಕ್ಕಿಂತ ದೊಡ್ಡ ಸಂಗತಿ. ಸೂಜಿಗಲ್ಲಿಗೆ ಮಾತ್ರವಲ್ಲ, ಮನೆಗೆ ಪಾಯ ಹಾಕುವ ಸಾಮಾನ್ಯ ಕಪ್ಪುಕಲ್ಲಿಗೂ ದಿಕ್ಕಿನ ನೆನಪಿರುತ್ತದೆ. ಜ್ವಾಲಾಮುಖಿಯಿಂದ ಉಕ್ಕಿದ ಲಾವಾರಸದಲ್ಲಿ ಮ್ಯಾಗ್ನಟೈಟಿನ ಸಣ್ಣ ಸಣ್ಣ ಕಣಗಳಿರುತ್ತವೆ. ೫೮೦ ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿಯಲ್ಲಿ ಈ ಕಣಗಳಿಗೆ ಕಾಂತತ್ವವಿಲ್ಲ. ರಸವು ತಣಿದು ಕಲ್ಲಾಗಿ, ಉಷ್ಣತೆ ಈ ಗೆರೆಯಿಂದ ಕೆಳಗಿಳಿಯುತ್ತಲೇ ಆ ಕಣಗಳು ಅಂದಿನ ಭೂಕಾಂತದ ದಿಕ್ಕಿಗೆ ಹೊಂದಿಕೊಂಡು ಕಾಂತತ್ವ ಪಡೆಯುತ್ತವೆ. ಬಳಿಕ ಕೋಟಿ ವರ್ಷಗಳು ಸಂದರೂ ಆ ಗುರುತು ಅಳಿಯದೆ ಉಳಿಯಬಲ್ಲದು. ನೋಸ್‌ಪಾಸ್ ಇಂದಿನ ಉತ್ತರವನ್ನು ನೋಡುತ್ತದೆ. ಈ ಕಲ್ಲು ತಾನು ಹುಟ್ಟಿದಂದಿನ ಉತ್ತರವನ್ನು ಹಿಡಿದಿಟ್ಟುಕೊಂಡಿರುತ್ತದೆ. ಇವೆರಡಕ್ಕೂ ಇರುವ ವ್ಯತ್ಯಾಸ ಇಷ್ಟೇ.

ಈ ನೆನಪನ್ನು ಓದಲು ಕಲಿತವರಿಗೆ ಬೆರಗು ಕಾದಿತ್ತು. ೧೯೦೬ರಲ್ಲಿ ಫ್ರಾನ್ಸಿನ ಬರ್ನಾರ್ಡ್ ಬ್ರೂನ್, ಉತ್ತರಕ್ಕೆ ಬದಲಾಗಿ ದಕ್ಷಿಣವನ್ನು ತೋರಿಸುವ ಕಲ್ಲುಗಳನ್ನು ಕಂಡನು. ಅನಂತರ ನೋಸ್‌ಪಾಸಿನ ತಾಯ್ನಾಡಾದ ಜಪಾನಿನಲ್ಲಿಯೇ ಮೋಟೊನೋರಿ ಮಾತುಯಾಮ ಎಂಬ ವಿಜ್ಞಾನಿ ಗೆನ್‌ಬುದೋ ಎಂಬ ಗುಹೆಯ ಕಪ್ಪುಕಲ್ಲು ಸಹ ಹೀಗೆಯೇ ತಿರುಗುಮುರುಗಾಗಿರುವುದನ್ನು ಕಂಡು, ೧೯೨೯ರಲ್ಲಿ ಭೂಮಿಯ ಕಾಂತಧ್ರುವಗಳೇ ಹಿಂದೆ ಅದಲುಬದಲಾಗಿದ್ದವೆಂದು ಪ್ರತಿಪಾದಿಸಿದನು. ಅಂಥ ಬದಲಾವಣೆ ಕಡೆಯ ಬಾರಿ ಆದುದು ಸುಮಾರು ೭ ಲಕ್ಷ ೮೦ ಸಾವಿರ ವರ್ಷಗಳ ಹಿಂದೆ. ಅದಕ್ಕೂ ಮುಂಚಿನ ಆ ತಿರುಗುಕಾಲಕ್ಕೆ ಇಂದು ಮಾತುಯಾಮನ ಹೆಸರನ್ನೇ ಇಟ್ಟಿದ್ದಾರೆ. ಆ ಕಾಲದಲ್ಲಿ ನೋಸ್‌ಪಾಸ್ ಇದ್ದಿದ್ದರೆ ಪಯಣಿಗರೆಲ್ಲರೂ ದಕ್ಷಿಣಕ್ಕೆ ಹೋಗಬೇಕಾಗುತ್ತಿತ್ತು!

ಇನ್ನು ನಮ್ಮ ನೆಲದ ಮಾತು. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ ಜಿಲ್ಲೆಗಳ ಬಹುಭಾಗದಲ್ಲಿ ಹಾಸಿರುವ ಕಪ್ಪುಕಲ್ಲು ದಖ್ಖನಿನ ಲಾವಾಪ್ರವಾಹಗಳ ದಕ್ಷಿಣದ ಅಂಚು. ಸುಮಾರು ೬ ಕೋಟಿ ೬೦ ಲಕ್ಷ ವರ್ಷಗಳ ಹಿಂದೆ ಉಕ್ಕಿ ಹರಿದ ರಸವಿದು. ಇದು ಸವೆದು ಆದ ಎರೆಮಣ್ಣಿನಲ್ಲಿಯೇ ನಮ್ಮ ಜೋಳ ಬೆಳೆಯುವುದು. ಗೋಲಗುಮ್ಮಟದ ಗೋಡೆಗಳು ಎದ್ದುದೂ ಈ ಕಲ್ಲಿನಿಂದಲೇ.

ಭೂಖಂಡಗಳು ಚಲಿಸುತ್ತವೆಂದು ೧೯೧೨ರಲ್ಲಿ ಜರ್ಮನಿಯ ಆಲ್ಫ್ರೆಡ್ ವೆಗೆನರ್ ಹೇಳಿದಾಗ ವಿದ್ವಾಂಸರಲ್ಲಿ ಬಹುಮಂದಿ ನಕ್ಕರು. ೧೯೩೦ರಲ್ಲಿ ಗ್ರೀನ್‌ಲೆಂಡಿನ ಹಿಮದಲ್ಲಿ ಆತನು ಪ್ರಾಣ ಬಿಟ್ಟಾಗಲೂ ಆತನ ವಾದ ಗೆದ್ದಿರಲಿಲ್ಲ. ಆತನ ಪರವಾಗಿ ಸಾಕ್ಷಿ ನುಡಿದ ಕಲ್ಲುಗಳಲ್ಲಿ ನಮ್ಮ ದಖ್ಖನಿನ ಕಲ್ಲೂ ಒಂದು. ಕಾಂತಸೂಜಿಯು ಭೂಮಧ್ಯರೇಖೆಯ ಬಳಿ ಮಟ್ಟವಾಗಿ ನಿಲ್ಲುತ್ತದೆ. ಧ್ರುವಗಳತ್ತ ಹೋದಂತೆ ಹೆಚ್ಚು ಹೆಚ್ಚು ಓರೆಯಾಗುತ್ತದೆ. ಆದಕಾರಣ ಕಲ್ಲಿನೊಳಗಿನ ಕಾಂತತ್ವದ ಓರೆಯನ್ನು ಅಳೆದರೆ ಆ ಕಲ್ಲು ಯಾವ ಅಕ್ಷಾಂಶದಲ್ಲಿ ಹುಟ್ಟಿತೆಂಬುದನ್ನು ಲೆಕ್ಕ ಹಾಕಬಹುದು. ಲಂಡನ್ನಿನಲ್ಲಿ ಬ್ಲ್ಯಾಕೆಟ್ ಅವರ ಬಳಗದ ಕ್ಲೆಗ್, ಡಾಯ್ಚ್ ಮತ್ತು ಗ್ರಿಫಿತ್ಸ್ ಎಂಬುವರು ದಖ್ಖನಿನ ಕಲ್ಲುಗಳನ್ನು ಹೀಗೆ ಅಳೆದು ೧೯೫೬ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಇಂದು ಭೂಮಧ್ಯರೇಖೆಯ ಉತ್ತರಕ್ಕಿರುವ ಈ ಕಲ್ಲು, ಹುಟ್ಟಿದಾಗ ಅದರ ದಕ್ಷಿಣಕ್ಕೆ ಬಹುದೂರದಲ್ಲಿತ್ತು! ಎಂದರೆ ಇಡೀ ಭರತಖಂಡವೇ ಈ ಕಲ್ಲನ್ನು ಹೊತ್ತು ಉತ್ತರಾಭಿಮುಖವಾಗಿ ನಾಲ್ಕೈದು ಸಾವಿರ ಕಿಲೋಮೀಟರ್ ಸಾಗಿ ಬಂದಿದೆ. ಹಾಗೆ ಬಂದು ಏಷ್ಯಕ್ಕೆ ತಗುಲಿದುದರ ಫಲವೇ ಹಿಮಾಲಯ.

ಈಗ ನೋಸ್‌ಪಾಸಿನ ನಡಿಗೆಯನ್ನು ಇದರೊಡನೆ ತೂಗಿ ನೋಡೋಣ. ವರ್ಷಕ್ಕೆ ೧ ಸೆಂಟಿಮೀಟರ್‌ನಂತೆ ೬ ಕೋಟಿ ೬೦ ಲಕ್ಷ ವರ್ಷ ನಡೆದರೆ ಅದು ಕ್ರಮಿಸುವ ದೂರ ೬೬೦ ಕಿಲೋಮೀಟರ್ ಮಾತ್ರ. ನಮ್ಮ ನೆಲವಾದರೋ ಇಂದಿಗೂ ವರ್ಷಕ್ಕೆ ಸುಮಾರು ೫ ಸೆಂಟಿಮೀಟರ್ ವೇಗದಲ್ಲಿ ಈಶಾನ್ಯದತ್ತ ಸರಿಯುತ್ತಿದೆ. ಮಕ್ಕಳ ನಗುವಿಗೆಂದು ಆಟದವರು ಬರೆದಂತೆ ತೋರುವ ಆ ನಿಧಾನಗತಿಯನ್ನು ನಾವು ಕುಳಿತಿರುವ ಈ ತರಗತಿಯ ನೆಲವೇ ಹಿಂದೆ ಹಾಕಿದೆ. ಆ ಪ್ರಾಣಿಯನ್ನು ರೂಪಿಸಿದವರ ಮನಸ್ಸಿನಲ್ಲಿ ಇಷ್ಟೆಲ್ಲ ಇದ್ದಿತೆಂದು ನಾನು ವಾದಿಸುವುದಿಲ್ಲ. ಆದರೆ ಅವರ ಕಲ್ಪನೆ ಅರಿತೋ ಅರಿಯದೆಯೋ ಸತ್ಯದ ಬಳಿಯೇ ಸುಳಿದಾಡಿದೆ.

ನಾವು ಕಲಾವಿಭಾಗದವರು, ಅಯಸ್ಕಾಂತ ಮತ್ತು ಲಾವಾರಸಗಳ ಗೊಡವೆ ನಮಗೇಕೆ ಎನ್ನುವ ಮಿತ್ರರುಂಟು. ಕಥೆಯನ್ನು ಕಟ್ಟುವುದೂ ಸಾಕ್ಷ್ಯವನ್ನು ಓದುವುದೂ ಎರಡೂ ನಮ್ಮ ಕೆಲಸವೇ ಅಲ್ಲವೆ? ಶಾಸನದ ಕಲ್ಲಿನ ಮೇಲೆ ಅರಸರು ಬರೆಯಿಸಿದುದನ್ನು ಇತಿಹಾಸದವರು ಓದುತ್ತಾರೆ. ಅದೇ ಕಲ್ಲಿನ ಒಳಗೆ ಭೂಮಿ ಬರೆದುದನ್ನು ಭೂವಿಜ್ಞಾನಿಗಳು ಓದುತ್ತಾರೆ. ಮನೆಯಲ್ಲಿ ಈ ಆಟವನ್ನಾಡುವ ತಮ್ಮ ತಂಗಿಯರಿದ್ದರೆ ವಾಚಕರು ಅವರನ್ನು ಒಮ್ಮೆ ಹತ್ತಿರದ ಕಲ್ಲುಗಣಿಗೋ ಹಳ್ಳದ ದಂಡೆಗೋ ಕರೆದೊಯ್ದು, ಕಪ್ಪುಕಲ್ಲಿನ ಒಂದು ಚೂರನ್ನು ಅವರ ಕೈಗಿಟ್ಟು, ಅದು ಎಲ್ಲಿಂದ ಹೊರಟು ಇಲ್ಲಿಗೆ ಬಂದಿತೆಂಬುದನ್ನು ಹೇಳಲಿ. ಮುಂದಿನ ಪ್ರಶ್ನೆಗಳನ್ನು ಆ ಮಕ್ಕಳೇ ಕೇಳುತ್ತಾರೆ.