ಅಟ್ಟದಿಂದ ಇಳಿದ ದನಿ

ಅಟ್ಟದ ಪೆಟ್ಟಿಗೆಯಲ್ಲಿ ಮೂರು ದಶಕಕ್ಕೂ ಮಿಕ್ಕಿ ಮಲಗಿದ್ದ ವಿಡಿಯೋ ಕ್ಯಾಸೆಟ್ಟೊಂದನ್ನು ಕಳೆದ ತಿಂಗಳು ಕೆಳಗಿಳಿಸಿದೆ. ‘ಮಗಳ ಮದುವೆ, 1989’ ಎಂದು ತಂದೆಯವರ ಕೈಬರಹ. ಅಕ್ಕನ ಆ ಮದುವೆಯಲ್ಲಿ ತಾಯಿಯವರು ಆರತಿಯ ಹಾಡು ಹೇಳಿದ್ದರು. ಈಗ ಅವರಿಲ್ಲ, ಅವರ ದನಿ ಉಳಿದಿದ್ದುದು ಅದೊಂದರಲ್ಲಿಯೇ.

ಅರ್ಧ ಅಂಗುಲ ಅಗಲದ ಆ ಟೇಪಿಗೆ ಬಿಳಿಯ ಬೂಷ್ಟು ಹಿಡಿದಿತ್ತು. ಹಾಗೆಯೇ ಓಡಿಸಿದರೆ ಟೇಪು ಹರಿಯಬಹುದು, ಯಂತ್ರವೂ ಕೆಡಬಹುದು. ಓಡಿಸುವ ಯಂತ್ರವಾದರೂ ಎಲ್ಲಿದೆ? 1976ರಲ್ಲಿ ಜಪಾನಿನಲ್ಲಿ ಹುಟ್ಟಿದ ವಿ.ಎಚ್.ಎಸ್. ಪದ್ಧತಿಯ ಯಂತ್ರಗಳನ್ನು ಕೊನೆಯವರೆಗೂ ತಯಾರಿಸುತ್ತಿದ್ದ ಫುನಾಯಿ ಸಂಸ್ಥೆ 2016ರಲ್ಲಿ ಆ ಕೆಲಸವನ್ನೇ ನಿಲ್ಲಿಸಿತು. ಹಳೆಯ ಯಂತ್ರವೊಂದನ್ನು ಜೋಪಾನ ಮಾಡಿದ್ದ ಸ್ಟುಡಿಯೋದವರೊಬ್ಬರು ಬೂಷ್ಟನ್ನು ಮೆಲ್ಲಗೆ ಒರೆಸಿ, ‘ಒಂದು ಸಲ ಓಡೀತು; ಎರಡನೆಯ ಸಲದ ಮಾತು ಹೇಳಲಾರೆ’ ಎಂದರು.

ಟೇಪಿನ ಮುಂದೆ ಅವಸರ ಸಲ್ಲದು. ಮೂರು ಗಂಟೆಯ ಮದುವೆ ಡಿಸ್ಕಿಗೆ ಇಳಿಯಲು ಮೂರು ಗಂಟೆಯೇ ಬೇಕು. ನಾನೂ ಅಕ್ಕನೂ ಕುಳಿತು ನೋಡಿದೆವು. ಚಿತ್ರ ನಡುಗಿತು, ಬಣ್ಣ ಚದುರಿತು. ಹಾಡಿನ ಮೊದಲ ನುಡಿ ಗೊರಗೊರ ಸದ್ದಿನಲ್ಲಿ ಮುಳುಗಿಹೋಯಿತು. ಎರಡನೆಯ ನುಡಿಗೆ ತಾಯಿ ಸ್ಪಷ್ಟವಾಗಿ ಕೇಳಿಸಿದರು. ಅಕ್ಕ ಮಾತಾಡಲಿಲ್ಲ, ತುಟಿ ಮಾತ್ರ ಹಾಡಿನೊಡನೆ ಅಲುಗುತ್ತಿತ್ತು.

ಡಿಸ್ಕಾದರೂ ಶಾಶ್ವತವಲ್ಲ. ಓಲೆಗರಿ ಸವೆಯುವ ಮುನ್ನ ಹೊಸ ಗರಿಗೆ ಪ್ರತಿ ಮಾಡಿಟ್ಟ ಲಿಪಿಕಾರರಿಂದಲೇ ಪಂಪನೂ ರನ್ನನೂ ನಮಗೆ ದಕ್ಕಿದರು. ಮನೆಯ ನೆನಪಿಗೂ ಲಿಪಿಕಾರರು ಬೇಕು. ಎರಡು ಪ್ರತಿ ಮಾಡಿಸಿ ಒಂದನ್ನು ಅಕ್ಕನ ಮಗಳ ಕೈಗಿತ್ತಿದ್ದೇನೆ. ಮುಂದಿನ ಪ್ರತಿ ಅವಳ ಪಾಲಿನದು.